"ಹೊಂದ್ಕೊಳ್ಳದಿದ್ರೆ ವಾಪಸ್ ಬಿಟ್ಟು ಬರೋಣ"

(ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಹತ್ತಿರ ಬಂದ ಒಂದು ಕುಟುಂಬದ ವಿಷಯ ಇದು. ತಾಯಿ ತಂದೆಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಎಂಟು ವರ್ಷದ ಹುಡುಗಿ. ಪುಟ್ಟಿ ಅಂತ ಕರೆಯೋಣ. ಕ್ಲಾಸಿನಲ್ಲಿ ತೂಕಡಿಸುತ್ತಾಳೆ, ಬರೆಯುವುದನ್ನು ಅರ್ಧಕ್ಕೇ ಬಿಡುತ್ತಾಳೆ ಅಂತ ಟೀಚರ್ ಹೇಳಿ ಕಳಿಸಿದ್ದರು. ಕಣ್ಣು ತೋರಿಸಿದ್ದಾಯಿತು, ರಕ್ತ ಪರೀಕ್ಷೆಯೂ ಆಯಿತು. ಏನೂ ತೊಂದರೆ ಕಾಣಲಿಲ್ಲ. "ಒಂಬತ್ತಕ್ಕೇ ಮಲಗಿಸ್ತೀನಿ ಮೇಡಂ, ಆದ್ರೂ ಬೆಳಿಗ್ಗೆ ಕಣ್ಣು ಕೆಂಪಗಿರತ್ತೆ" ಅಂದರು ತಾಯಿ.

ಆಮೇಲೆ ಸ್ವಲ್ಪ ತಡೆದು ಇನ್ನೊಂದು ವಿಷಯ ಹೇಳಿದರು. ಅವಳ ಸ್ಕೂಲ್ ಬ್ಯಾಗಿನ ತಳದಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರ್ ಸಿಕ್ಕಿತ್ತಂತೆ. ಬಿಚ್ಚಿ ನೋಡಿದರೆ ಅವಳದೇ ಹಳೆ ಪೆಟಿಕೋಟು. ಒದ್ದೆಯಾಗಿತ್ತು. ಬೆಕ್ಕಿನ ಮೂತ್ರದ ಘಾಟು.

ಮೂರು ವಾರದ ಹಿಂದೆ ಬೆಂಗಳೂರಿನ ಒಂದು ಪ್ರಾಣಿ ಆಶ್ರಯದಿಂದ ಎರಡು ಬೆಕ್ಕು ತಂದಿದ್ದರು. ಎರಡು ವರ್ಷದ ಅಣ್ಣ ತಂಗಿ, ಕರಿಯ ಮತ್ತು ಬೆಳ್ಳಿ. ಮೈಸೂರಿನ ಮನೆಗೆ ಕಾರಿನಲ್ಲಿ ಬಂದ ಸಂಜೆಯೇ ಅಕ್ಕಪಕ್ಕದ ಮಕ್ಕಳೆಲ್ಲ ನೋಡಲು ಬಂದರು. ಕರಿಯ ಅಡುಗೆಮನೆ ಅಟ್ಟ ಹತ್ತಿ ಪಾತ್ರೆಗಳ ಹಿಂದೆ ಕೂತವನು ಇಳಿಯಲೇ ಇಲ್ಲ. ಬೆಳ್ಳಿ ಹಾಲ್‌ನಲ್ಲಿದ್ದ ದಿವಾನ್ ಮೇಲೆ ಮೂತ್ರ ಮಾಡತೊಡಗಿದಳು. ಅಜ್ಜಿ ಎರಡು ಹೊತ್ತೂ ಫಿನೈಲ್ ಹಾಕಿ ಒರೆಸಿದರು. ಒಂದು ದಿನ ತಿಂಡಿ ತಿನ್ನುವಾಗ ತಂದೆ ಹೇಳಿದರು: "ಇನ್ನೊಂದು ವಾರ ನೋಡೋಣ. ಹೊಂದ್ಕೊಳ್ಳದಿದ್ರೆ ವಾಪಸ್ ಬಿಟ್ಟು ಬರೋಣ." ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಾಂಬಾರು ಬಡಿಸಿಕೊಳ್ಳುತ್ತ ಹೇಳಿದ್ದು.

ಪುಟ್ಟಿ ಪಕ್ಕದಲ್ಲೇ ಕೂತಿದ್ದಳು. ಅವತ್ತಿನಿಂದ ರಾತ್ರಿ ಎದ್ದು ದಿವಾನ್ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದಳು. ಒದ್ದೆ ಸಿಕ್ಕರೆ ಅಜ್ಜಿ ಏಳುವ ಮುಂಚೆ ಒರೆಸಿಬಿಡುತ್ತಿದ್ದಳು.

ಇಷ್ಟೇ ಆಗಿದ್ದರೆ ಬೆಕ್ಕಿನ ಮೇಲಿನ ಅಕ್ಕರೆ ಅಂದುಕೊಳ್ಳಬಹುದಿತ್ತು. ಹೊರಡುವಾಗ ಬಾಗಿಲ ಹತ್ತಿರ ನಿಂತು ತಾಯಿ ಮೆಲ್ಲಗೆ ಹೇಳಿದರು: "ಪುಟ್ಟೀನ ನಾವು ದತ್ತು ತಗೊಂಡಿದ್ದು. ನಾಲ್ಕು ವರ್ಷದವಳಿದ್ದಾಗ ಬಂದಳು. ಅವಳಿಗೆ ಗೊತ್ತು."

ಮನೆಗೆ ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು "ಬೆಕ್ಕು ದತ್ತು ತಗೊಂಡ್ವಿ" ಅಂತ. ನಾವೆಲ್ಲ ಹಾಗೇ ಹೇಳುತ್ತೇವೆ ಅಲ್ವಾ? ಮಗುವಿಗೂ ಬೆಕ್ಕಿಗೂ ಅದೇ ಪದ. ಪುಟ್ಟಿಯ ಕಿವಿಗೆ ಅದು ಹೇಗೆ ಬಿದ್ದಿರಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಎರಡನೇ ಭೇಟಿಯಲ್ಲಿ ಅವಳ ಜೊತೆ ಸುಮ್ನೆ ಚಿತ್ರ ಬರೆಯುತ್ತ ಕೂತೆ. ನಾನಾಗಿ ಏನೂ ಕೇಳಲಿಲ್ಲ. ಮನೆ ಬರೆದಳು, ಅಟ್ಟ ಬರೆದಳು, ಅಟ್ಟದಲ್ಲಿ ಎರಡು ಹಳದಿ ಕಣ್ಣು ಬರೆದಳು. ಕಣ್ಣಿಗೆ ಬಣ್ಣ ತುಂಬುತ್ತ ತಲೆ ಎತ್ತದೆ ಕೇಳಿದಳು: "ಆಂಟಿ, ಎಷ್ಟು ದಿನ ಆದ್ಮೇಲೆ ವಾಪಸ್ ಕಳ್ಸೋ ಹಾಗಿಲ್ಲ?"

ಆ ಪ್ರಶ್ನೆ ಬೆಕ್ಕಿನದಲ್ಲ.

ತಾಯಿ ತಂದೆಯನ್ನು ಬೇರೆಯಾಗಿ ಕರೆಸಿ ಮೊದಲು ಹೇಳಿದ್ದು ಇದನ್ನೇ: ಆ ಮಾತನ್ನು ಆಡಿದವರೇ, ಅದೇ ಊಟದ ಮೇಜಿನ ಹತ್ತಿರ, ಪುಟ್ಟಿಯ ಎದುರಿಗೇ ವಾಪಸ್ ತಗೊಳ್ಳಬೇಕು. "ನೀನು ಬೇರೆ, ಬೆಕ್ಕು ಬೇರೆ" ಅಂದುಬಿಟ್ಟರೆ ಸಾಲದು. ಅವಳ ಪ್ರಶ್ನೆಗೆ ಉತ್ತರ ಕೊಡಬೇಕು. ದತ್ತು ಆದೇಶ ಆದ ಮೇಲೆ ಕಾನೂನಿನ ಕಣ್ಣಲ್ಲಿ ಅವಳು ಹೊಟ್ಟೆಯಲ್ಲಿ ಹುಟ್ಟಿದ ಮಗಳೇ. ಇವರ ಕಾಲಕ್ಕೆ ಆ ಆದೇಶವನ್ನು ಕೋರ್ಟು ಕೊಡುತ್ತಿತ್ತು. 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಆ ಕಾಗದ ಬೀರುವಿನಲ್ಲಿತ್ತು. "ತೆಗೆದು ತೋರಿಸಿ, ಅವಳ ಹೆಸರು ಎಲ್ಲಿದೆ ಅಂತ ಅವಳೇ ಓದಲಿ" ಅಂದೆ.

ತಂದೆ ತುಂಬ ಹೊತ್ತು ಮಾತಾಡಲಿಲ್ಲ. ತಾಯಿಗೆ ಹಳೆಯದು ನೆನಪಾಯಿತು. ದತ್ತು ಆದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಮಗು ಹೇಗಿದೆ ಅಂತ ನೋಡಲು ದತ್ತು ಸಂಸ್ಥೆಯ ಕಡೆಯವರು ಬರುತ್ತಾರೆ. "ಮೊದಲ ಸಲ ಅವರು ಫೈಲ್ ಹಿಡ್ಕೊಂಡು ಬಂದಾಗ ಇವಳು ಬೀರು ಹಿಂದೆ ಹೋಗಿ ಕೂತಿದ್ಲು ಮೇಡಂ. ಕರೆದುಕೊಂಡು ಹೋಗ್ತಾರೆ ಅನ್ಕೊಂಡಿದ್ಲೇನೋ." ಮಾತು ಅಲ್ಲಿಗೇ ನಿಲ್ಲಿಸಿ ಗಂಡನ ಮುಖ ನೋಡಿದರು. "ಕರಿಯನ ಥರಾನೇ."

ಇನ್ನು ಬೆಕ್ಕುಗಳ ವಿಷಯ. ನಾನು ಪಶುವೈದ್ಯೆ ಅಲ್ಲ, ಅದಕ್ಕೇ ಮೊದಲು ಪಶುವೈದ್ಯರ ಹತ್ತಿರ ಕಳಿಸಿದೆ. ಟ್ರೇ ಬಿಟ್ಟು ಬೇರೆ ಕಡೆ ಮೂತ್ರ ಮಾಡುವ ಬೆಕ್ಕಿಗೆ ಮೂತ್ರಕೋಶದ ತೊಂದರೆ ಇರಬಹುದು. ಬೆಳ್ಳಿಗೆ ಇತ್ತು, ಉರಿಯೂತ. ಬೆಕ್ಕುಗಳಲ್ಲಿ ಗಾಬರಿಯಿಂದಲೂ ಅದು ಬರುತ್ತದೆ. (ಗಂಡು ಬೆಕ್ಕು ತಿಣುಕಿದರೂ ಮೂತ್ರ ಬರುತ್ತಿಲ್ಲ ಅಂದರೆ ಬೆಳಗಾಗುವವರೆಗೂ ಕಾಯಬೇಡಿ. ಜೀವಕ್ಕೇ ಅಪಾಯ.) ಫಿನೈಲ್ ಪೂರ್ತಿ ನಿಲ್ಲಿಸಲು ಪಶುವೈದ್ಯರು ಹೇಳಿದರು. ಅದು ಪಾದಕ್ಕೆ ಅಂಟುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ, ಅದರ ಲಿವರ್‌ಗೆ ಅದನ್ನು ಅರಗಿಸುವ ಶಕ್ತಿ ತೀರಾ ಕಡಿಮೆ.

ಎರಡು ಬೆಕ್ಕಿಗೆ ಇದ್ದದ್ದು ಒಂದೇ ಟ್ರೇ, ಅದೂ ವಾಷಿಂಗ್ ಮಿಷಿನ್ ಪಕ್ಕ. ಅದು ಗಡಗಡ ಅಂದಾಗ ಯಾವ ಬೆಕ್ಕು ಅಲ್ಲಿ ಕೂರುತ್ತದೆ? ಬೆಕ್ಕಿಗಿಂತ ಒಂದು ಟ್ರೇ ಜಾಸ್ತಿ ಇರಬೇಕು, ಅಂದರೆ ಮೂರು, ಬೇರೆ ಬೇರೆ ಜಾಗದಲ್ಲಿ. ಇಡೀ ಮನೆ ಒಂದೇ ಸಲ ಬಿಟ್ಟುಕೊಡಬಾರದಿತ್ತು. ಹಿಂದಿನ ಸಣ್ಣ ರೂಮನ್ನು ಅವೆರಡಕ್ಕೇ ಬಿಡಲು ಹೇಳಿದೆ. ಆಹಾರ ಒಂದು ಮೂಲೆ, ಟ್ರೇ ದೂರದ ಮೂಲೆ, ಕಿಟಕಿಗೆ ಜಾಲರಿ, ಬದಿಯಲ್ಲಿ ತೂತು ಕೊರೆದ ಎರಡು ರಟ್ಟಿನ ಡಬ್ಬ. ನೆದರ್ಲೆಂಡ್ಸ್‌ನ ಒಂದು ಆಶ್ರಯದಲ್ಲಿ ನಡೆಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವಿತುಕೊಳ್ಳಲು ಡಬ್ಬ ಸಿಕ್ಕ ಬೆಕ್ಕುಗಳೇ ಬೇಗ ಚೇತರಿಸಿಕೊಂಡವು. ಅವಿತವರನ್ನು ಎಳೆದು ತೆಗೆಯಬಾರದು. ಆದರೆ ಊಟ ಮಾತ್ರ ಗಮನಿಸಬೇಕು. ಒಂದು ಇಡೀ ದಿನ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಬೇಕು.

ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಬೆಕ್ಕು ಸಾಕುವವರು ಒಂದು ಲೆಕ್ಕ ಹೇಳುತ್ತಾರೆ. ದೊಡ್ಡವರಿಗೆ ತಾಳ್ಮೆ ಇರಲಿ ಅಂತ ಮಾಡಿದ ಅಂದಾಜು ಅದು. ಈ ಮನೆಯಲ್ಲಿ ಮಾತ್ರ ಅದನ್ನು ಗಟ್ಟಿಯಾಗಿ ಎಣಿಸಬೇಡಿ ಅಂದೆ. ಗಡುವು ಅನ್ನುವುದೇ ಪುಟ್ಟಿಗೆ ಭಯವಾಗಿತ್ತು.

ತಂದೆ ಕೇಳಿದರು, "ನಿಜವಾಗ್ಲೂ ಆಗದಿದ್ರೆ?" ನ್ಯಾಯವಾದ ಪ್ರಶ್ನೆ. ಆಗದೇ ಹೋದರೆ ಬೀದಿಗೆ ಬಿಡುವುದಕ್ಕಿಂತ ಆಶ್ರಯಕ್ಕೆ ಒಪ್ಪಿಸುವುದೇ ಸರಿ, ಅದರಲ್ಲಿ ಪಾಪವಿಲ್ಲ. ಆದರೆ ಸರಿಯಾದ ಅವಕಾಶ ಕೊಟ್ಟ ಮೇಲೆ, ಡಾಕ್ಟರ ಜೊತೆ ಮಾತಾಡಿ, ಮಗುವಿಗೆ ಕೇಳದ ಹಾಗೆ ಯೋಚಿಸಿ, ಆಮೇಲೆ ಅವಳಿಗೆ ಕಾರಣ ಹೇಳಿ ಮಾಡಬೇಕಾದ ಕೆಲಸ ಅದು. ಬಾಯಿಮಾತಿಗೆ ಆಡುವುದಲ್ಲ.

ಪುಟ್ಟಿಗೆ ರಾತ್ರಿ ಕಾವಲಿನ ಬದಲು ಹಗಲಿನ ಕೆಲಸ ಕೊಟ್ಟೆವು. ಸಂಜೆ ಇಪ್ಪತ್ತು ನಿಮಿಷ ಆ ರೂಮಿನಲ್ಲಿ ಕೂತು ಕನ್ನಡ ಪಾಠ ಜೋರಾಗಿ ಓದುವುದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಶ್ರಯ 2013ರಲ್ಲಿ ಮಕ್ಕಳಿಂದ ಬೆಕ್ಕುಗಳಿಗೆ ಪುಸ್ತಕ ಓದಿಸಲು ಶುರುಮಾಡಿತು. ಓದುವ ದನಿ ಕೇಳುತ್ತ ಬೆಕ್ಕುಗಳು ಜನಕ್ಕೆ ಒಗ್ಗಿಕೊಳ್ಳುತ್ತವೆ, ಮಕ್ಕಳೂ ತಪ್ಪಿಗೆ ಹೆದರದೆ ಓದುತ್ತಾರೆ. ತಂದೆಗೆ ಕೊಟ್ಟ ಕೆಲಸ ಇನ್ನೂ ಸುಲಭ. ನೆಲದ ಮೇಲೆ ಕೂತು, ಮುಟ್ಟಲು ಹೋಗದೆ, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುವುದು. ಬೆಕ್ಕುಗಳ ಭಾಷೆಯಲ್ಲಿ ಅದು ಸ್ನೇಹ.

ಅಜ್ಜಿಯನ್ನು ಒಪ್ಪಿಸುವುದು ಕಷ್ಟವಾಯಿತು. ದೇವರ ಕೋಣೆ ಬಾಗಿಲು ಯಾವಾಗಲೂ ಹಾಕಿರಬೇಕು ಅಂದರು. ಅದಕ್ಕೆ ಎಲ್ಲರೂ ಒಪ್ಪಿದರು. ಫಿನೈಲ್ ಬಾಟಲಿ ಹೊರಗೆ ಹೋಯಿತು. ಪುಟ್ಟಿಗಾಗಿ ಮಾಡಿದರೋ ಬೆಕ್ಕಿಗಾಗಿಯೋ ಗೊತ್ತಿಲ್ಲ, ತಮ್ಮ ಹಳೆ ಹತ್ತಿ ಸೀರೆ ಹರಿದು ಎರಡು ಡಬ್ಬಕ್ಕೂ ಹಾಸಿದ್ದು ಅವರೇ.

ಏಳನೇ ವಾರದಲ್ಲಿ ಎಲ್ಲರೂ ಒಟ್ಟಿಗೆ ಬಂದರು. ದಿವಾನ್ ಒಣಗಿದೆ. ಪುಟ್ಟಿ ರಾತ್ರಿ ಏಳುವುದು ನಿಂತಿದೆ. ಕೋರ್ಟಿನ ಕಾಗದದ ಝೆರಾಕ್ಸ್ ಒಂದನ್ನು ತನ್ನ ಪುಸ್ತಕದ ಗೂಡಿನಲ್ಲಿ ಇಟ್ಟುಕೊಂಡಿದ್ದಾಳಂತೆ. ಇರಲಿ, ತೆಗೆಯಬೇಡಿ ಅಂದೆ. ಬೆಳ್ಳಿ ತಂದೆಯ ಚಪ್ಪಲಿ ಮೇಲೆ ಮಲಗುತ್ತಾಳೆ. ಕರಿಯ ಮಾತ್ರ ಎಲ್ಲರೂ ಮಲಗಿದ ಮೇಲೆ ಡಬ್ಬದಿಂದ ಹೊರಗೆ ಬಂದು ತಿಂದು ಹೋಗುತ್ತಾನೆ.

"ಕರಿಯ ಇನ್ನೂ ಹೊಂದ್ಕೊಂಡಿಲ್ಲ ಆಂಟಿ" ಅಂದಳು ಪುಟ್ಟಿ. "ಆದ್ರೂ ನಮ್ಮನೇಲೇ ಇದಾನೆ."

ಮುಂದಿನ ಭೇಟಿ ಒಂದು ತಿಂಗಳು ಬಿಟ್ಟು.