ಎಣಿಸಿದ್ದು 46, ಬರೆದದ್ದು 48

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಿಮ್ಮ ಕಾಲುನೋವಿಗಾಗಿ ಮನಸ್ಸು ಮರುಗಿತು. ಎರಡನೆಯ ಸಲ ಕೊನೆಯ ಪುಟದ ಒಂದು ಸಾಲಿಗೆ ಬಂದು ನಿಂತವಳು ಮುಂದೆ ಓದಲಾಗದೆ ಎದ್ದು ಓಡಾಡಿದೆ.

ಸಂಗತಿ ಇಷ್ಟು. ನಿಮಗೆ 20 ವರ್ಷ. ಗೋದಾಮಿನಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಸೇರಿ ಐದು ತಿಂಗಳಾಗಿದೆ. ದಾಸ್ತಾನು ನಿರ್ವಹಣೆ ಕಲಿಯುವ ಆಸೆಯಿಂದ ಬಂದಿರಿ. ಕೈಗೆ ಸಿಕ್ಕಿದ್ದು ಸ್ಕ್ಯಾನರ್, ಲೇಬಲ್ ಸುರುಳಿ, ಸರಕು ಪೇರಿಸಿದ ಹಲಗೆಗೆ, ಅಂದರೆ ಪ್ಯಾಲೆಟ್ಟಿಗೆ, ಸುತ್ತುವ ಪ್ಲಾಸ್ಟಿಕ್ ಹಾಳೆ. ಜೊತೆಗೆ ಓದಿದವರು ಕಚೇರಿಗಳಲ್ಲಿ ಕುಳಿತಿದ್ದಾರೆ, ನೀವು ದಪ್ಪ ಬೂಟು ತೊಟ್ಟು ದಿನವಿಡೀ ರ್‍ಯಾಕುಗಳ ನಡುವೆ ನಡೆಯುತ್ತೀರಿ. ಚಿಕ್ಕಮ್ಮ ಇದನ್ನು ಮೂಟೆ ಹೊರುವ ಕೆಲಸ ಎನ್ನುತ್ತಾರೆ. ಬಿಡಲೇ, ಮುಗಿಸಲೇ ಎಂದು ಕೇಳಿದ್ದೀರಿ.

ಚಿಕ್ಕಮ್ಮನ ಮಾತಿಗೆ ಹೆಚ್ಚು ಹೊತ್ತು ಬೇಡ. ಕೈಯಿಂದ ಸರಕು ಆರಿಸುವ ಗೋದಾಮಿನಲ್ಲಿ ಸಮಯದ ದೊಡ್ಡ ಪಾಲು ನಡಿಗೆಗೇ ಹೋಗುತ್ತದೆ. ಅದಕ್ಕೆಂದೇ ಹೆಚ್ಚು ಓಡುವ ಸರಕನ್ನು ರವಾನೆಯ ಬಾಗಿಲಿಗೆ ಹತ್ತಿರ ಇಡುತ್ತಾರೆ. ಬೇರೆ ಕಾರಣಗಳಿಗಾಗಿ ಭಾರದ್ದನ್ನು ಕೆಳಗಿಡುತ್ತಾರೆ, ಅವಧಿ ಮೊದಲು ಮುಗಿಯುವುದನ್ನು ಮುಂದಿಡುತ್ತಾರೆ. ಪ್ರತಿದಿನ ಹತ್ತಾರು ಸಲ ಬೇಕಾಗುವ ಟೇಪಿನ ಪೆಟ್ಟಿಗೆ ಕೊನೆಯ ಸಾಲಿನಲ್ಲಿದೆ ಎಂದು ನೀವು ಸಿಟ್ಟಿನಿಂದ ಬರೆದಿದ್ದೀರಲ್ಲ, ಅದೇ ಕಲಿಕೆ. ಕಚೇರಿಯಲ್ಲಿ ಕುಳಿತವರು ಆ ಒಂದು ವಿಷಯ ತಿಳಿಯಲು ವರದಿ ತರಿಸಿಕೊಳ್ಳಬೇಕು. ಕಾಲು ಕಲಿತದ್ದನ್ನು ತಲೆ ಮರೆಯುವುದಿಲ್ಲ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಈಗಲೂ ಅದನ್ನೇ ನಂಬಿದ್ದೇನೆ. ಬೂಟು ಬೆರಳಿಗೆ ಕಚ್ಚುತ್ತಿದ್ದರೆ ಬೇರೆ ಅಳತೆಯದನ್ನು ಕೇಳಿ ಪಡೆಯಿರಿ.

ಇನ್ನು ಆ ಸಾಲು. "ವಾರದ ಎಣಿಕೆಯಲ್ಲಿ ಒಂದೆರಡು ಹೆಚ್ಚುಕಡಿಮೆ ಬಂದರೆ ಕಂಪ್ಯೂಟರಿನಲ್ಲಿರುವುದನ್ನೇ ಹಾಕು ಎಂದು ಶಿಫ್ಟಿನ ಅಣ್ಣ ಹೇಳುತ್ತಾರೆ, ಹಾಕುತ್ತೇನೆ. ಮೊನ್ನೆ 46 ಇತ್ತು, 48 ಹಾಕಿದೆ. ಅವರು ಒಳ್ಳೆಯವರು, ನನಗೆ ತೊಂದರೆಯಾಗಬಾರದೆಂದೇ ಹೇಳುವುದು." ಇಷ್ಟು ಬರೆದು ಮತ್ತೆ ಕಾಲುನೋವಿಗೆ ಹೋಗಿಬಿಟ್ಟಿರಿ.

ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಎಣಿಕೆ ಇದು. ಬಾರ್‌ಕೋಡನ್ನೇ ನೋಡಿ. 13 ಅಂಕಿಗಳಲ್ಲಿ ಕೊನೆಯದು ಸರಕಿನ ಗುರುತಲ್ಲ, ತಪಾಸಣೆಯ ಅಂಕಿ. ಮೊದಲ 12 ಅಂಕಿಗಳನ್ನು ಸರದಿಯಂತೆ 1 ಮತ್ತು 3ರಿಂದ ಗುಣಿಸಿ ಕೂಡಿ, ಅದಕ್ಕೆ ಈ ಅಂಕಿಯನ್ನು ಸೇರಿಸಿದರೆ 10ರಿಂದ ಭಾಗವಾಗಬೇಕು. ಆಗದಿದ್ದರೆ ಸ್ಕ್ಯಾನರ್ ಒಪ್ಪುವುದಿಲ್ಲ. ಗೆರೆಗಳನ್ನು ಓದುವ ಯಂತ್ರಕ್ಕೆ ಇಷ್ಟು ಕಾವಲಿದೆ. ಎಣಿಕೆಯ ಸಂಖ್ಯೆ ತುಂಬುವ ಚೌಕಕ್ಕೆ ನಿಮ್ಮ ಕಣ್ಣೊಂದೇ ಕಾವಲು.

ಕಂಪ್ಯೂಟರ್ 48 ಇದೆಯೆಂದು ನಂಬಿದರೆ 48ಕ್ಕೆ ಬಂದ ಬೇಡಿಕೆಯನ್ನು ಒಪ್ಪಿಕೊಳ್ಳುತ್ತದೆ. ರಾತ್ರಿ ಪಾಳಿಯ ಹುಡುಗ ಇಲ್ಲದ ಎರಡು ಪೆಟ್ಟಿಗೆಗಾಗಿ ರ್‍ಯಾಕಿನ ಹಿಂದೆ ಮುಂದೆ ತಡಕಾಡುತ್ತಾನೆ, ಲಾರಿ ಕಾಯುತ್ತದೆ, ಬೈಗುಳ ಅವನಿಗೆ. ದಾಸ್ತಾನು 47ಕ್ಕೆ ಇಳಿದರೆ ಹೊಸದಾಗಿ ತರಿಸಬೇಕು ಎಂಬ ಲೆಕ್ಕವಿದ್ದರೆ ಆ ಆದೇಶವೂ ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ನಿಮ್ಮದು. ಆ ಎರಡು ಪೆಟ್ಟಿಗೆ ಎಲ್ಲಿ ಹೋದವು? ಇಳಿಸುವಾಗಲೇ ಎಣಿಕೆ ತಪ್ಪಿತೇ, ರ್‍ಯಾಕಿನ ಪಕ್ಕದ ಖಾನೆಗೆ, ಅಂದರೆ ಬಿನ್ನಿಗೆ, ಸೇರಿದವೇ, ಒಡೆದದ್ದನ್ನು ತೆಗೆದಿಟ್ಟು ದಾಖಲಿಸಲಿಲ್ಲವೇ, ಪೆಟ್ಟಿಗೆಯ ಲೆಕ್ಕವನ್ನು ಬಿಡಿ ಲೆಕ್ಕವೆಂದು ಬರೆದರೇ, ಕಳುವಾಯಿತೇ? ದಾಸ್ತಾನು ನಿರ್ವಹಣೆ ಕಲಿಯಬೇಕೆಂದಿದ್ದಿರಲ್ಲ, ಇದೇ ಅದು. 48 ಒತ್ತಿದ ಕೂಡಲೇ ಪಾಠ ಮುಚ್ಚಿಹೋಯಿತು.

ಆ ಅಣ್ಣನ ಬಗ್ಗೆ ನನಗೆ ಸ್ವಲ್ಪವೂ ಕನಿಕರವಿಲ್ಲ. ವ್ಯತ್ಯಾಸ ಕಂಡರೆ ಉತ್ತರ ಕೊಡಬೇಕಾದದ್ದು ಅವರ ಶಿಫ್ಟು. ಆದರೆ ಸಂಖ್ಯೆ ಹೋಗಿದ್ದು ನಿಮ್ಮ ಲಾಗಿನ್‌ನಿಂದ, ನಿಮ್ಮ ಹೆಸರು ಮತ್ತು ಸಮಯದೊಂದಿಗೆ. ಅಷ್ಟು ಒಳ್ಳೆಯವರಾದರೆ ತಮ್ಮ ಲಾಗಿನ್‌ನಿಂದಲೇ ಹಾಕಬಹುದಿತ್ತು. ಎಣಿಸುವವರಿಗೆ ಕಂಪ್ಯೂಟರಿನ ಸಂಖ್ಯೆಯನ್ನೇ ತೋರಿಸದ ಪದ್ಧತಿಯೊಂದಿದೆ, ಬ್ಲೈಂಡ್ ಕೌಂಟ್ ಎನ್ನುತ್ತಾರೆ. ಅದು ಹುಟ್ಟಿದ್ದೇ ಇಂಥ ಕೆಲಸ ತಡೆಯುವುದಕ್ಕೆ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಿಮ್ಮ ವಯಸ್ಸಿನಲ್ಲಿ ನಾನು ಒಂದು ಉಗ್ರಾಣದಲ್ಲಿ ದಾಸ್ತಾನು ಪುಸ್ತಕ ಬರೆಯುತ್ತಿದ್ದೆ. ಹಿರಿಯರು ಹೇಳಿದರೆಂದು ಮೂರು ತಿಂಗಳು ಅಂಕಿಗಳನ್ನು ಸರಿದೂಗಿಸಿದೆ. ವರ್ಷದ ಕೊನೆಯ ಎಣಿಕೆಯಲ್ಲಿ ಕೊರತೆ ಬಯಲಾದಾಗ ಕೀಲಿ ಇಟ್ಟುಕೊಂಡಿದ್ದ ಕಾವಲುಗಾರರನ್ನು ಕೆಲಸದಿಂದ ತೆಗೆದರು. ಕೊರತೆ ಅವರು ಬರುವುದಕ್ಕಿಂತ ಮೊದಲಿನದು ಎಂದು ಹೇಳಬಲ್ಲವಳು ನಾನೊಬ್ಬಳೇ. ಹೇಳಲಿಲ್ಲ. ಅವರು ಮರೆತುಹೋದ ಕೊಡೆ ವಾರವಿಡೀ ಬಾಗಿಲ ಹಿಂದೆ ನೇತಾಡುತ್ತಿತ್ತು.

ಆದ್ದರಿಂದ ಒಂದೇ ಮಾತು ಹೇಳುತ್ತೇನೆ: ನೀವು ಎಣಿಸಿದ್ದನ್ನೇ ಬರೆಯಿರಿ. ಅಣ್ಣ ಬೇರೆ ಸಂಖ್ಯೆ ಹೇಳಿದರೆ, "ಇನ್ನೊಮ್ಮೆ ಇಬ್ಬರೂ ಸೇರಿ ಎಣಿಸೋಣ ಅಣ್ಣ" ಎನ್ನಿ. ಜಗಳ ಬೇಡ, ಅಳುವುದೂ ಬೇಡ. ದಿನಾಂಕ, ಬಿನ್ ಸಂಖ್ಯೆ, ಕಣ್ಣಿಗೆ ಕಂಡ ಲೆಕ್ಕ, ಈ ಮೂರನ್ನು ನಿಮ್ಮದೇ ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಅವರು ಒಪ್ಪದಿದ್ದರೆ ತರಬೇತಿ ನೋಡಿಕೊಳ್ಳುವವರ ಮುಂದೆ ಆ ಪುಸ್ತಕವನ್ನು ತೆರೆದಿಡಿ.

ಬಿಡಬೇಕೇ ಎಂಬ ಪ್ರಶ್ನೆಗೆ ಉತ್ತರ ಆಮೇಲೆ ತಾನಾಗಿ ಸಿಗುತ್ತದೆ. ಕಾಲುನೋವಿಗೆ, ಚಿಕ್ಕಮ್ಮನ ಮಾತಿಗೆ ಬಿಡಬೇಡಿ. ಕಂಡದ್ದನ್ನು ಬರೆಯಲು ಬಿಡದ ಜಾಗವೆಂದು ಖಚಿತವಾದರೆ ಒಂದು ದಿನವೂ ನಿಲ್ಲಬೇಡಿ, ತರಬೇತಿಯನ್ನು ಬೇರೆ ಗೋದಾಮಿನಲ್ಲಿ ಮುಗಿಸಿ.

ನಾಳೆ ಶಿಫ್ಟು ಶುರುವಾಗುವ ಮೊದಲು ಸೂಪರ್‌ವೈಸರ್ ಬಳಿ ಹೋಗಿ, ಮೊನ್ನೆಯ ಬಿನ್ನಿನಲ್ಲಿ ನಾನು ತಪ್ಪು ಸಂಖ್ಯೆ ಹಾಕಿದ್ದೇನೆ, ಮತ್ತೆ ಎಣಿಸುತ್ತೇನೆ ಎಂದು ಹೇಳಿ. ಎಣಿಸುವಾಗ ಎಡಬಲದ ಬಿನ್ನುಗಳನ್ನೂ ನೋಡಿ. ಆ ಎರಡು ಪೆಟ್ಟಿಗೆ ಸಿಕ್ಕರೆ ನನಗೆ ಬರೆಯಿರಿ, ಸಿಗದಿದ್ದರೂ ಬರೆಯಿರಿ.