ರಾಗಿ ಗಂಜಿ ಕುಡಿದರೂ ಶುಗರ್ ಏರುವುದೇಕೆ?

ಬೆಳಿಗ್ಗೆ ಇಡ್ಲಿ ಬಿಟ್ಟು ರಾಗಿ ಗಂಜಿ ಕುಡಿದರೂ ಅಮ್ಮನ ಶುಗರ್ ಏರುತ್ತಿದೆ ಅಂತ ಕೇಳಿದ್ದೀರಿ. ರಾಗಿಯಲ್ಲೂ ಪಿಷ್ಟ ಹೆಚ್ಚುಕಡಿಮೆ ಅಕ್ಕಿಯಷ್ಟೇ ಇದೆ. ಅದರಲ್ಲೂ ಗಂಜಿ ಅಂದರೆ ನುಣ್ಣನೆ ಹಿಟ್ಟು, ಚೆನ್ನಾಗಿ ಬೆಂದಿದ್ದು. ಅಗಿಯುವ ಕೆಲಸವೇ ಇಲ್ಲ, ಬೇಗ ಜೀರ್ಣವಾಗುತ್ತದೆ. ಬೆಲ್ಲ ಹಾಕಿದರಂತೂ ಮುಗಿದೇ ಹೋಯಿತು!

ಗಂಜಿ ಬದಲು ನಿಂಬೆಹಣ್ಣಿನಷ್ಟಲ್ಲದಿದ್ದರೂ ಕಿತ್ತಳೆಗಿಂತ ದೊಡ್ಡದಲ್ಲದ ಮುದ್ದೆ, ಜೊತೆಗೆ ಗಟ್ಟಿ ಬಸ್ಸಾರು ಕೊಡಿ. ಮೊದಲು ಹೆಸರುಬೇಳೆ ಕೋಸಂಬರಿಯೋ ಸೊಪ್ಪಿನ ಪಲ್ಯವೋ ತಿನ್ನಲಿ, ಮುದ್ದೆ ಆಮೇಲೆ. ನಮ್ಮ ಮನೆಯಲ್ಲಿ ಈ ಕ್ರಮ ಬದಲಿಸಿದ್ದೇ ಜಾಸ್ತಿ ಕೆಲಸ ಮಾಡಿತು. ತಿಂದ ಮೇಲೆ 10–15 ನಿಮಿಷ ಸುಮ್ನೆ ಅಂಗಳದಲ್ಲೇ ನಡೆದರೂ ಸಾಕು.

ಊಟ ಶುರು ಮಾಡಿದ 2 ಗಂಟೆ ನಂತರ ಗ್ಲುಕೋಮೀಟರಿನಲ್ಲಿ ನೋಡಿ, ಬರೆದಿಡಿ. ಮಾತ್ರೆ, ಇನ್ಸುಲಿನ್ ಇದ್ದರೆ ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಿ. ಶುಗರ್ ತೀರಾ ಇಳಿದರೂ ಅಪಾಯ ಅಲ್ವಾ?