ಓಟಗಾರ್ತಿಯ ಸ್ಕ್ಯಾನಿಂಗ್ ವರದಿಯಲ್ಲಿ ‘ಪಿಸಿಓಎಸ್’: ಹಾರ್ಮೋನ್ ಅಂಕಿಗಳನ್ನು ಓದುವ ಬಗೆ

ನಮಸ್ಕಾರ. ಹಾಫ್ ಮ್ಯಾರಥಾನ್ ತಯಾರಿ ಆರಂಭಿಸಿದ ಮೇಲೆ ಏಳು ಕಿಲೋ ತೂಕ ಇಳಿದಿದೆ, ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಸ್ಕ್ಯಾನಿಂಗ್‌ನಲ್ಲಿ ಪಾಲಿಸಿಸ್ಟಿಕ್ ಅಂಡಾಶಯ ಎಂದು ಬಂದಿರುವುದರಿಂದ ಅನ್ನ ಬಿಟ್ಟು ಓಟವನ್ನು ಇನ್ನೂ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ, ಹಾರ್ಮೋನ್ ಪರೀಕ್ಷೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷ ಕೆಲಸ ಮಾಡಿದವಳು. ನೀವು ಇಲ್ಲಿ ಹಾಕಿರುವ ಅಂಕಿಗಳನ್ನು ನೋಡಿದರೆ, ವೈದ್ಯರನ್ನು ಮತ್ತೊಮ್ಮೆ ಕಾಣುವವರೆಗೆ ಅನ್ನವನ್ನೂ ಬಿಡಬೇಡಿ, ಕಿಲೋಮೀಟರುಗಳನ್ನೂ ಹೆಚ್ಚಿಸಬೇಡಿ ಎನ್ನಬೇಕಾಗುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಕಂಡವು ನಿಜವಾದ ಸಿಸ್ಟುಗಳಲ್ಲ. ಪೂರ್ತಿ ಬಲಿಯದೆ ಅರ್ಧಕ್ಕೆ ನಿಂತ, 2ರಿಂದ 9 ಮಿಲಿಮೀಟರ್ ಗಾತ್ರದ ಫಾಲಿಕಲ್‌ಗಳು (ಅಂಡಾಣು ಬೆಳೆಯುವ ಪುಟ್ಟ ಚೀಲಗಳು) ಅವು. ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂಬ ಹಾರ್ಮೋನ್ ತೊಂದರೆ) ಎನ್ನಬೇಕಾದರೆ 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಮುಟ್ಟಿನ ಏರುಪೇರು, ಪುರುಷ ಹಾರ್ಮೋನಿನ ಹೆಚ್ಚಳ ಮತ್ತು ಸ್ಕ್ಯಾನಿಂಗ್‌ನ ಚಿತ್ರ ಈ ಮೂರರಲ್ಲಿ ಎರಡು ಇರಬೇಕು, ಜೊತೆಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮೊದಲಾದ ಬೇರೆ ಕಾರಣಗಳು ಇಲ್ಲವೆಂದು ಖಚಿತವಾಗಿರಬೇಕು. ಲೆಕ್ಕಕ್ಕೆ ನಿಮ್ಮಲ್ಲಿ ಎರಡು ಇವೆ. ತೊಡಕಿರುವುದು ಆ ‘ಬೇರೆ ಕಾರಣ’ದಲ್ಲಿ.

ಎಲ್‌ಎಚ್, ಎಫ್‌ಎಸ್‌ಎಚ್ ಎಂಬವು ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಗ್ರಂಥಿಯ ಎರಡು ಹಾರ್ಮೋನುಗಳು. ಪಿಸಿಓಎಸ್ ಇರುವ ಅನೇಕರಲ್ಲಿ ಎಲ್‌ಎಚ್ ಮಟ್ಟ ಎಫ್‌ಎಸ್‌ಎಚ್‌ನ ಎರಡು ಮೂರು ಪಟ್ಟು ಇರುತ್ತದೆ, ಆದರೆ ಈ ಅನುಪಾತವೊಂದರಿಂದಲೇ ರೋಗವನ್ನು ನಿರ್ಧರಿಸುವುದಿಲ್ಲ. ಇನ್ಸುಲಿನ್ ಹೆಚ್ಚಾದಾಗ ಅದು ಅಂಡಾಶಯದಿಂದ ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನನ್ನು ಹೆಚ್ಚು ಹೊರಡಿಸುವುದಲ್ಲದೆ, ಅದನ್ನು ಕಟ್ಟಿಹಾಕುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಯಕೃತ್ತಿನಲ್ಲಿ ತಯಾರಾಗುವುದನ್ನೂ ತಗ್ಗಿಸುತ್ತದೆ. ಆದ್ದರಿಂದ ಒಟ್ಟು ಟೆಸ್ಟೋಸ್ಟಿರಾನ್ ಸಾಮಾನ್ಯವೆಂದು ವರದಿ ಬಂದರೂ ಬಿಡಿಯಾಗಿ ಓಡಾಡುವ ಪಾಲು ಹೆಚ್ಚಿರಬಹುದು. ಎಸ್‌ಎಚ್‌ಬಿಜಿ ಇಲ್ಲದ ವರದಿ ಅರ್ಧ ವರದಿ ಎಂದು ನಾನು ಹೇಳುವುದು ಇದಕ್ಕೇ. ಗಲ್ಲದ ಮೇಲೆ ದಪ್ಪ ಕೂದಲು, ಬಿಡದ ಮೊಡವೆ, ನೆತ್ತಿಯ ಕೂದಲು ತೆಳುವಾಗುವುದು, ಕತ್ತಿನ ಹಿಂಭಾಗ ಕಪ್ಪಾಗುವುದು ಹೊರಗೆ ಕಾಣುವ ಗುರುತುಗಳು. (ವೈದ್ಯರ ಬಳಿ ಹೋಗುವ ಹಿಂದಿನ ದಿನ ಥ್ರೆಡಿಂಗ್ ಮಾಡಿಸಿಕೊಂಡರೆ ಅವರಿಗೆ ಏನೂ ಕಾಣುವುದಿಲ್ಲ, ಬಾಯಿಬಿಟ್ಟು ಹೇಳಬೇಕು.)

ನಿಮ್ಮ ವರದಿ ಇದಕ್ಕೆ ತಿರುವುಮುರುವಾಗಿದೆ: ಎಲ್‌ಎಚ್ 1.6, ಎಫ್‌ಎಸ್‌ಎಚ್ 5.2, ಟೆಸ್ಟೋಸ್ಟಿರಾನ್ ಡೆಸಿಲೀಟರಿಗೆ 17 ನ್ಯಾನೊಗ್ರಾಂ, ಎಸ್ಟ್ರಾಡಿಯೋಲ್ (ಮುಖ್ಯ ಈಸ್ಟ್ರೋಜನ್, ಅಂದರೆ ಸ್ತ್ರೀ ಹಾರ್ಮೋನು) ತೀರ ಕೆಳಗೆ, ಎಸ್‌ಎಚ್‌ಬಿಜಿ ಮೇಲುಗಡೆ. ಓಟಕ್ಕೆ ತಕ್ಕಷ್ಟು ಊಟ ಸಿಗದಾಗ ಮೆದುಳಿನ ಹೈಪೋಥಲಾಮಸ್ ಅಂಡಾಶಯಕ್ಕೆ ಕಳುಹಿಸುವ ಸೂಚನೆಯನ್ನು ತಗ್ಗಿಸಿ ಮುಟ್ಟನ್ನು ನಿಲ್ಲಿಸುತ್ತದೆ, ಆಗಲೂ ಸ್ಕ್ಯಾನಿಂಗ್‌ನಲ್ಲಿ ಪಾಲಿಸಿಸ್ಟಿಕ್ ಚಿತ್ರವೇ ಕಾಣಬಹುದು. ಪಿಸಿಓಎಸ್‌ನಲ್ಲಿ ವ್ಯಾಯಾಮವೂ, ಅಗತ್ಯವಿದ್ದರೆ ತೂಕ ಇಳಿಸುವುದೂ ಮೊದಲ ಮದ್ದಾದರೆ, ಇಲ್ಲಿ ಹೆಚ್ಚು ಉಣ್ಣುವುದೂ ಕಡಿಮೆ ಓಡುವುದೂ ಮದ್ದು. ಈಸ್ಟ್ರೋಜನ್ ಹೀಗೇ ಕಡಿಮೆಯಿದ್ದರೆ ಮೂಳೆ ಸವೆಯುತ್ತದೆ. ಹಾಗೆಂದು ತೆಳ್ಳಗಿರುವವರಿಗೆ ಪಿಸಿಓಎಸ್ ಬರುವುದೇ ಇಲ್ಲವೆಂದಲ್ಲ, ಒಬ್ಬರಲ್ಲೇ ಎರಡೂ ಇರುವುದುಂಟು. ಅದನ್ನು ಬಿಡಿಸಿ ಹೇಳಬೇಕಾದವರು ಎಂಡೋಕ್ರೈನ್ ತಜ್ಞರು ಅಥವಾ ಸ್ತ್ರೀರೋಗ ತಜ್ಞರು.

ಅವರ ಬಳಿ ಹೋಗುವ ಮುನ್ನ ಗರ್ಭಧಾರಣೆಯ ಪರೀಕ್ಷೆಯೊಂದನ್ನು ಮಾಡಿಕೊಳ್ಳಿ, ಇದನ್ನು ಮರೆಯುವವರೇ ಹೆಚ್ಚು. ತಯಾರಿಗೆ ಮುಂಚಿನ ಒಂದು ವರ್ಷದ ಮುಟ್ಟಿನ ದಿನಾಂಕಗಳು, ತೂಕ, ವಾರಕ್ಕೆ ಓಡಿದ ದೂರ ಇವನ್ನು ಬರೆದುಕೊಂಡು ಹೋಗಿ. ಮೊದಲೇ ಮುಟ್ಟು 35 ದಿನ ಮೀರುತ್ತಿತ್ತೇ ಎಂಬುದು ಮುಖ್ಯ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಪುರುಷ ಹಾರ್ಮೋನಿನ ಅಳತೆ ನಂಬಲರ್ಹವಲ್ಲ, ನಿಲ್ಲಿಸಿ ಮೂರು ತಿಂಗಳಾದರೂ ಕಳೆಯಬೇಕು. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಅದು ಕೆಲವು ಹಾರ್ಮೋನ್ ಪರೀಕ್ಷೆಗಳನ್ನು ಕೆಡಿಸುತ್ತದೆ. ಮುಟ್ಟು ನಿಂತು ಆರು ತಿಂಗಳು ದಾಟಿದರೆ ಮೂಳೆಯ ಸಾಂದ್ರತೆಯ ಪರೀಕ್ಷೆ ಬೇಕೇ ಎಂದೂ ಕೇಳಿ.